ಭಾನುವಾರದ ನಡಿಗೆ

ಪಾರ್ಲರಿನ ಬುಶ್ರಾ ಹತ್ತಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಎರಡು ಸಲ ಮೇಕಪ್ ಒರೆಸಿ ಕಳಿಸಿದ್ದರೂ ಮುಖ ಇನ್ನೂ ತನ್ನದಾಗಿರಲಿಲ್ಲ. ಕೋಲಾರದಿಂದ ಸುಗಟೂರಿಗೆ ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಶೋಭಾರಾಣಿ ಸೆರಗಿನ ತುದಿಯಿಂದ ಕಿವಿಯ ಹಿಂದೆ, ಗಂಟಲ ಗುಳಿಯಲ್ಲಿ ತಿಕ್ಕಿಕೊಂಡಳು. ಸೆರಗಿಗೆ ಹತ್ತಿದ ಬಣ್ಣ ತನ್ನ ಮೈಬಣ್ಣಕ್ಕಿಂತ ತಿಳಿಯಾಗಿತ್ತು. ಅದು ಕಾಣದ ಹಾಗೆ ಸೆರಗನ್ನು ಒಳಕ್ಕೆ ಮಡಿಸಿಕೊಂಡಳು. ಕೂದಲಿಗೆ ಹೊಡೆದಿದ್ದ ಸ್ಪ್ರೇ ಮಾತ್ರ ಒರೆಸಿದರೆ ಹೋಗುವಂಥದ್ದಲ್ಲ. ಗಾಳಿ ಬೀಸಿದಾಗೆಲ್ಲ ಅದರ ವಾಸನೆ ಹಿಂದಿನ ಸೀಟಿನವರೆಗೂ ಹೋಗುತ್ತಿದೆ ಅನಿಸಿ ಕಿಟಕಿ ಎಳೆದು ಮುಚ್ಚಿದಳು. ಮುಚ್ಚಿದ ಮೇಲೆ ಅದು ಇಬ್ಬರೇ ಕೂತ ಸೀಟಿನಲ್ಲಿ ಇನ್ನಷ್ಟು ಗಟ್ಟಿಯಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೊದಲು ಮೂಗಿನಿಂದ, ಆಮೇಲೆ ಕಣ್ಣಿನಿಂದ ಅವಳನ್ನು ಗಮನಿಸಿದಳು.

"ಮದುವೆಗೆ ಹೋಗಿದ್ರಾ?"

"ಹೂಂ."

"ಆಷಾಢದಲ್ಲಾ?"

ಶೋಭಾರಾಣಿ ಕಿಟಕಿಯ ಕಡೆ ತಿರುಗಿ, "ನಾಮಕರಣ" ಎಂದಳು. ಹೆಂಗಸು "ಓ" ಎಂದಳು. ಆ "ಓ" ಬಸ್ಸು ಎರಡು ಊರು ದಾಟುವವರೆಗೂ ಸೀಟಿನ ಮೇಲೇ ಕೂತಿತ್ತು. ನಿಜ ಹೇಳಬಹುದಿತ್ತು. ಆಷಾಢದಲ್ಲಿ ಮದುವೆ ಇಲ್ಲದೆ ಕಲ್ಯಾಣ ಮಂಟಪ ಖಾಲಿ ಇರುವುದರಿಂದಲೇ ಜಿಲ್ಲೆಯ ವಿವಾಹಿತ ಹೆಂಗಸರಿಗಾಗಿ ಅಲ್ಲೊಂದು ಸೌಂದರ್ಯ ಸ್ಪರ್ಧೆ ಇಟ್ಟಿದ್ದಾರೆ, ನಾಡಿದ್ದು ಭಾನುವಾರ ತಾನು ಆ ವೇದಿಕೆಯ ಮೇಲೆ ನಡೆಯಬೇಕು, ಇವತ್ತು ಅದರ ರಿಹರ್ಸಲ್ ಇತ್ತು. ಮನಸ್ಸಿನೊಳಗೆ ಈ ವಾಕ್ಯ ಸರಿಯಾಗಿಯೇ ಇತ್ತು. ಬಾಯಿಗೆ ಬರುವಷ್ಟರಲ್ಲಿ ಅದು ಬೇರೆ ಯಾರದೋ ಮನೆಯ ಸುದ್ದಿಯಾಗಿಬಿಡುತ್ತಿತ್ತು. ಮಗಳಿಗೆ ಫೋನಿನಲ್ಲಿ ಹೇಳಿದಾಗಲೂ ಹಾಗೇ ಆಗಿತ್ತು. ಶ್ರೀನಿವಾಸಪುರದ ವಸತಿ ಶಾಲೆಯಲ್ಲಿ ಎಂಟನೇ ಕ್ಲಾಸಿನಲ್ಲಿರುವ ಮಗಳು ದನಿ ತಗ್ಗಿಸಿ, "ನಮ್ಮ ಸ್ಕೂಲಲ್ಲಿ ಯಾರಿಗೂ ಗೊತ್ತಾಗಲ್ಲ ತಾನೆ ಅಮ್ಮಾ?" ಎಂದಿದ್ದಳು.

ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ತಲೆಗೂ ಮೈಗೂ ಸೀಗೆಪುಡಿ ಹಾಕಿ ಸ್ನಾನ ಮಾಡಿದಳು. ಸೋಪಿಗೂ ವಾಸನೆ ಇರುತ್ತದೆ. ರೇಷ್ಮೆ ಹುಳದ ಮನೆಗೆ ಹೋಗುವವರು ಹೂ ಮುಡಿಯಬಾರದು, ಪೌಡರ್ ಹಾಕಬಾರದು, ಬೀಡಿ ಸೇದಿ ಬರಬಾರದು, ಊದುಬತ್ತಿ ಹಚ್ಚಿದ ಕೈಯಲ್ಲಿ ಸೊಪ್ಪು ಮುಟ್ಟಬಾರದು. ಮದುವೆಯಾಗಿ ಬಂದ ಮೊದಲ ವಾರವೇ ಅತ್ತೆ ದೊಡ್ಡಗಂಗಮ್ಮ ಅವಳ ತಲೆಯಲ್ಲಿದ್ದ ಮಲ್ಲಿಗೆಯನ್ನು ತಾನೇ ಬಿಚ್ಚಿ ಜಗುಲಿಯ ಮೇಲಿಟ್ಟು, "ನಮ್ಮ ಹುಳಕ್ಕೆ ಇದು ಆಗಲ್ಲ" ಎಂದಿದ್ದರು. ಬೈಗುಳದ ದನಿಯಲ್ಲ, ಮನೆಯಲ್ಲಿ ಇನ್ನೊಬ್ಬ ನಾಜೂಕಿನ ಮನುಷ್ಯ ಇದ್ದಾನೆ ಎಂದು ತಿಳಿಸುವ ದನಿ. ಅಂದಿನಿಂದ ವರ್ಷಕ್ಕೆ ಐದಾರು ಬೆಳೆ. ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಸಿಗುವ ಬಿಡುವಿನಲ್ಲಿ ಮಾತ್ರ ಅವಳು ಹೂ ಮುಡಿದದ್ದು. ಮುಡಿದಾಗಲೂ ಅದನ್ನು ನೋಡಬೇಕಾದವನು ವೇಮಗಲ್ಲಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿರುತ್ತಿದ್ದ.

ಹುಳದ ಮನೆಯ ಬಾಗಿಲಲ್ಲಿ ಸೋಂಕು ತಡೆಯಲು ಹರಡಿದ ಬ್ಲೀಚಿಂಗ್ ಪುಡಿ ಮೆಟ್ಟಿ ಒಳಗೆ ಹೋದಳು. ಸೊಪ್ಪು ಕುಯ್ದು ತಂದಾಗಿತ್ತು. ಹಿಪ್ಪುನೇರಳೆಯ ರೆಂಬೆಗಳನ್ನು ಒದ್ದೆ ಗೋಣಿಯ ಕೆಳಗೆ ಜೋಡಿಸಿಟ್ಟು ಅತ್ತೆ ಮೂಲೆಯಲ್ಲಿ ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು.

"ನಾನು ಬಂದು ಕುಯ್ತೀನಿ ಅಂದಿದ್ನಲ್ಲತ್ತೆ."

"ನೀನು ಬರೋವರ್ಗೂ ಹುಳ ಕಾಯ್ತದಾ? ಸರ್ಲೇ, ಹಾಕು."

ನಾಲ್ಕನೇ ಜ್ವರ ಎದ್ದು ಪೊರೆ ಕಳಚಿದ ಹುಳುಗಳು ಬೆರಳಿನಷ್ಟು ದಪ್ಪಗಾಗಿ, ಹಾಕಿದ್ದನ್ನೆಲ್ಲ ತಿನ್ನುವ ಹೊತ್ತು. ಸೋಮವಾರದ ಹೊತ್ತಿಗೆ ಹಣ್ಣಾಗಿ ಬಿದಿರಿನ ಚಂದ್ರಿಕೆಗೆ ಏರಬೇಕು, ಅಲ್ಲಿ ಗೂಡು ಕಟ್ಟಬೇಕು. ಒಂದರ ಮೇಲೊಂದು ಅಟ್ಟ ಕಟ್ಟಿದ ಅಂಕಣಗಳಲ್ಲಿ ಒಂದು ತುದಿಯಿಂದ ರೆಂಬೆ ಹಾಸುತ್ತಾ ಹೋದಳು. ಹಾಸಿದ ಕಡೆಯಲ್ಲಿ ಹುಳುಗಳು ಮೇಲೆ ಹತ್ತಿ ತಿನ್ನತೊಡಗಿದವು. ಒಣಹುಲ್ಲಿನ ಮೇಲೆ ಯಾರೋ ಬರಿಗಾಲಲ್ಲಿ ಓಡಾಡಿದಂಥ ಸದ್ದು. ಬುಶ್ರಾಳ ಪಾರ್ಲರಿಗೆ ಅವಳು ಮೊದಲ ಸಲ ಹೋದದ್ದು ಹುಬ್ಬು ತೀಡಿಸಲು, ನಾದಿನಿಯ ಮಗಳ ಮದುವೆಗೆ. ಕೋಲಾರದ ಕ್ಲಾಕ್ ಟವರ್ ಹಿಂದಿನ ಗಲ್ಲಿಯಲ್ಲಿ ಪರದೆ ಹಾಕಿದ ಒಂದು ಕೋಣೆ, ಒಂದು ಕನ್ನಡಿ, ಒಂದು ಕುರ್ಚಿ. ಬುಶ್ರಾ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡು, ಹೆಬ್ಬೆರಳಿನಿಂದ ಅವಳ ಗದ್ದ ಎತ್ತಿ ಬೆಳಕಿಗೆ ಹಿಡಿದು ನೋಡಿದ್ದಳು. ನೋಡುತ್ತಲೇ ಇದ್ದಳು. ಅಷ್ಟು ಹೊತ್ತು ತನ್ನ ಮುಖವನ್ನು ಯಾರಾದರೂ ನೋಡಿ ಎಷ್ಟು ಕಾಲವಾಯಿತು ಎಂದು ಶೋಭಾರಾಣಿಗೆ ಯೋಚನೆ ಬಂದು, ಕಣ್ಣಲ್ಲಿ ನೀರು ಬಂದು, ದಾರ ಎಳೆದ ನೋವಿಗೆ ಎಂದು ಬುಶ್ರಾ ತಿಳಿದು, "ಸ್ವಲ್ಪ ತಡ್ಕೊಳ್ಳಿ ಶೋಭಕ್ಕಾ, ಆಯ್ತು" ಎಂದಳು. ಆಮೇಲೆ ಕೇಳಿದಳು, "ಇಷ್ಟು ಎತ್ತರ ಇಟ್ಕೊಂಡು ಯಾಕೆ ಬಗ್ಗಿ ನಡೀತೀರಿ? ಮೇಲೆ ಫ್ಯಾನ್ ತಗಲ್ತದಾ?" ಫ್ಯಾನ್ ಅಲ್ಲ, ಹುಳದ ಮನೆಯ ಮೇಲಿನ ಅಂಕಣ ತಗಲುತ್ತದೆ. ಅದನ್ನು ಹೇಳಲಿಲ್ಲ. ಬುಶ್ರಾ ಫೋಟೋ ತೆಗೆದು ಸ್ಪರ್ಧೆಯವರಿಗೆ ಕಳಿಸಿದಳು. ತನ್ನ ಫೋಟೋ ಎಂದೂ ಯಾರಿಗೂ ತೆಗೆಯಲು ಬಿಡದ ಬುಶ್ರಾ, ಹೊರಗೆ ಬುರ್ಖಾ ಇಲ್ಲದೆ ಕಾಲಿಡದ ಬುಶ್ರಾ, ಮಧ್ಯಾಹ್ನಗಳಲ್ಲಿ ಬಾಗಿಲು ಹಾಕಿಕೊಂಡು ಅವಳಿಗೆ ಎತ್ತರ ಹಿಮ್ಮಡಿಯ ಚಪ್ಪಲಿಯಲ್ಲಿ ನಡೆಯಲು ಕಲಿಸಿದಳು.

ಮನೆಯಲ್ಲಿ ಹೇಳಲು ಹಲವು ದಿನ ಅವಳು ಜಗಳಕ್ಕೆ ತಯಾರಾಗಿದ್ದಳು. ಗಂಡ ಏನನ್ನಬಹುದು, ಅದಕ್ಕೆ ತಾನು ಏನನ್ನಬೇಕು, ಅತ್ತೆ ಊರಿನ ಮರ್ಯಾದೆಯ ಮಾತು ತೆಗೆದರೆ ಯಾರ ಹೆಸರು ಹೇಳಬೇಕು, ಅತ್ತರೆ ಎಲ್ಲಿ ಅಳಬೇಕು ಎಂಬುದನ್ನೂ ಯೋಚಿಸಿಟ್ಟಿದ್ದಳು. ಮುನೇಶ್ ಶೂ ಲೇಸು ಕಟ್ಟುತ್ತಾ, "ಭಾನ್ವಾರ ತಾನೆ? ನಂಗೆ ಓಟಿ ಇದೆ ಅವತ್ತು" ಎಂದ. ಅತ್ತೆ, "ಹುಳ ಹಣ್ಣಾಗೋ ದಿನ ಅಲ್ವಲ್ಲಾ?" ಎಂದರು. ಅಲ್ಲ ಎಂದಳು. ಅಷ್ಟೇ. ತಯಾರು ಮಾಡಿಟ್ಟ ಜಗಳವೆಲ್ಲ ಅವಳೊಳಗೇ ಉಳಿದು ಹುಳಿಯಿತು. ಆ ವಾರ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ. ಎರಡು ಸಾಲು ಅಂಕಣಗಳ ನಡುವಿನ ಓಣಿಯಲ್ಲಿ ಅವಳು ಬರಿಗಾಲಲ್ಲಿ, ಹಿಮ್ಮಡಿ ಎತ್ತಿ, ಗದ್ದ ಎತ್ತಿ, ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಎರಡೂ ಕಡೆ ಸಾವಿರಾರು ಎತ್ತಿದ ತಲೆಗಳು, ಒಂದೂ ಅವಳನ್ನು ನೋಡುತ್ತಿರಲಿಲ್ಲ. ತುದಿಯಲ್ಲಿ ನಿಂತು, ಸೊಂಟ ತಿರುಗಿಸಿ, ಬುಶ್ರಾ ಹೇಳಿಕೊಟ್ಟ ನಗು ನಕ್ಕು, ತಕ್ಷಣ ಬಾಗಿಲ ಕಡೆ ನೋಡಿದ್ದಳು.

ಶನಿವಾರ ಬೆಳಗ್ಗೆ ಬಾಗಿಲು ತೆಗೆದಾಗ ಸದ್ದಿರಲಿಲ್ಲ.

ಮೊದಲು ಅವಳಿಗೆ ತನ್ನ ಕಿವಿಯ ಮೇಲೆ ಅನುಮಾನ ಬಂತು. ಹತ್ತಿರ ಹೋದಾಗ, ರಾತ್ರಿ ಹಾಕಿದ ರೆಂಬೆಗಳಲ್ಲಿ ಎಲೆ ಅರ್ಧಕ್ಕೆ ನಿಂತಿತ್ತು. ಕೆಲವು ಹುಳು ತಲೆಯನ್ನು ಅತ್ತಿತ್ತ ತೂಗುತ್ತಾ, ಹಸಿರು ನೀರು ಕಕ್ಕುತ್ತಿದ್ದವು. ಉಳಿದವು ಕುಗ್ಗಿ, ಒಂದರ ಮೇಲೊಂದು ಬಿದ್ದಿದ್ದವು. ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡಳು. ತಣ್ಣಗಿತ್ತು. ಅದು ಯಾವಾಗಲೂ ತಣ್ಣಗೇ ಇರುತ್ತದೆ ಎಂಬುದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳ ಇನ್ನೊಂದು ಕೈ ತಾನಾಗಿಯೇ ಕೂದಲಿಗೆ ಹೋಗಿ, ಒಂದು ಎಳೆಯನ್ನು ಮೂಗಿನ ಬಳಿ ತಂದಿತು. ಸೀಗೆಯ ವಾಸನೆಯ ಅಡಿಯಲ್ಲಿ ಅದು ಇತ್ತೋ, ಇದೆ ಎಂದು ಹುಡುಕಿದ್ದರಿಂದ ಸಿಕ್ಕಿತೋ.

ಅತ್ತೆ ಬಂದು ನೋಡಿದರು. ಅಳಲಿಲ್ಲ. ಒಂದೊಂದೇ ಅಂಕಣದ ಮುಂದೆ ನಿಂತು, ಕೊನೆಯ ಅಂಕಣದವರೆಗೆ ಹೋಗಿ, ವಾಪಸ್ಸು ಬಂದು ಬಾಗಿಲಲ್ಲಿ ಕೂತರು. ಸುಗಟೂರಿನಲ್ಲಿ ದೊಡ್ಡಗಂಗಮ್ಮನ ಕೈಗುಣ ಎಂದರೆ ಒಂದು ಮಾತಿತ್ತು. ಯಾರ ಮನೆಯ ಹುಳು ಸಪ್ಪಗಾದರೂ ಅವರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಬಿಸಿಲೇರುವಷ್ಟರಲ್ಲಿ ನಾಲ್ಕಾರು ಜನ ಸೇರಿದರು. ಎದುರು ಮನೆಯ ಅಕ್ಕಯಮ್ಮ ಹೊಸ್ತಿಲಾಚೆಯೇ ನಿಂತು ಕತ್ತು ಚಾಚಿದಳು.

"ಸೊಪ್ಪಲ್ಲೇನಾದ್ರೂ ಇತ್ತೇನೋ ಗಂಗಕ್ಕಾ?"

"ಸೊಪ್ಪಲ್ಲೇನಿರ್ತದೆ? ನಮ್ಮ ತೋಟದ್ದೇ."

"ಮತ್ತೆ?"

ಅತ್ತೆ ಸೊಸೆಯ ಕಡೆ ನೋಡಲಿಲ್ಲ. ನೋಡದೇ ಇದ್ದದ್ದನ್ನು ಎಲ್ಲರೂ ನೋಡಿದರು. ಅಕ್ಕಯಮ್ಮ ತನ್ನಷ್ಟಕ್ಕೆ ಎಂಬಂತೆ, "ನಿನ್ನೆ ಬಸ್ ಇಳಿದು ನಮ್ಮನೆ ಮುಂದೆ ಹೋದ್ಲಲ್ಲಾ, ಅರ್ಧ ಗಂಟೆ ಆದ್ರೂ ಘಮ ಅನ್ನೋದು ಹೋಗ್ಲಿಲ್ಲ ಕಣಮ್ಮಾ. ಮೂಕ ಜೀವ, ಏನ್ಮಾಡ್ತವೆ" ಎಂದಳು. ಯಾರೋ ನಕ್ಕು, ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು. ಆ ಹೊತ್ತಿಗೆ ಪಾಳಿ ಮುಗಿಸಿ ಬಂದ ಮುನೇಶ್ ಟಿಫನ್ ಚೀಲವನ್ನು ಹೆಗಲಿಂದ ಇಳಿಸದೆ ಒಳಗೆ ಹೋಗಿ ನೋಡಿ ಬಂದ. "ನಿನ್ನ ಆ ಕ್ರೀಮು ಏನಾದ್ರೂ..." ಎಂದು ಅರ್ಧಕ್ಕೆ ನಿಲ್ಲಿಸಿ, ಕಣ್ಣುಜ್ಜಿಕೊಂಡು ಮಲಗಲು ಹೋದ. ಪೂರ್ತಿ ಕೇಳಿದ್ದರೆ ಇಲ್ಲ ಎನ್ನಬಹುದಿತ್ತು. ಅರ್ಧ ಪ್ರಶ್ನೆಗೆ ಏನೆಂದು ಹೇಳುವುದು ಎಂದು ಅವಳು ಅವನ ಬೆನ್ನನ್ನು ನೋಡುತ್ತಾ ನಿಂತಳು.

ಗುದ್ದಲಿ ತರುವ ನೆಪದಲ್ಲಿ ತೋಟದ ಕಡೆ ಹೋದಳು. ಅಳಲು ಹೋದವಳು ಅಳುವುದನ್ನು ಮರೆತು ನಿಂತದ್ದು ಹಿಪ್ಪುನೇರಳೆಯ ಸಾಲುಗಳ ಮುಂದೆ. ಕುಯ್ದ ಗುರುತು ಒಳಗಿನ ಸಾಲುಗಳಲ್ಲಿ ಇರಲಿಲ್ಲ. ದಾರಿಗೆ ಹತ್ತಿರದ, ಬೇಲಿಯ ಪಕ್ಕದ ಸಾಲುಗಳಲ್ಲಿ ಬುಡಗಳು ಬೆಳ್ಳಗೆ ಕಾಣುತ್ತಿದ್ದವು. ಮಂಡಿನೋವಿನ ಮನುಷ್ಯ ಅಲ್ಲಿಂದ ಮುಂದೆ ಹೋಗಿರಲಿಲ್ಲ. ಬೇಲಿಯ ಆಚೆ ಕೋದಂಡರಾಮಪ್ಪನ ಟೊಮ್ಯಾಟೊ ತೋಟ. ಅವನು ಗಿಡಗಳನ್ನು ಕಡ್ಡಿಗೆ ಕಟ್ಟುತ್ತಿದ್ದವನು ತಲೆ ಎತ್ತಿದ.

"ಕೇಳ್ದೆ ಕಣಮ್ಮಾ. ಹಣ್ಣಾಗೋ ಹೊತ್ತಲ್ಲಿ ಹಿಂಗಾಗ್ಬಾರ್ದಾಗಿತ್ತು."

"ಹೂಂ."

"ನಾನಂತೂ ಗುರುವಾರಾನೇ ನಿಮ್ಮತ್ತೆಗೆ ಹೇಳಿದ್ದೆ. ನಾಳೆ ಬೆಳಗ್ಗೆ ಔಷಧಿ ಹೊಡೀತೀನಿ, ಬೇಲಿ ಪಕ್ಕದ ಸೊಪ್ಪು ಹತ್ತು ದಿನ ಮುಟ್ಬೇಡಿ ಅಂತ. ಅವರು ಆಯ್ತಪ್ಪಾ ಅಂದ್ರು." ಹೇಳುತ್ತಿದ್ದಂತೆ ಅವನ ಕಣ್ಣು ಬೇಲಿಯ ಈಚೆಗೆ, ಬೆಳ್ಳನೆಯ ಬುಡಗಳ ಮೇಲೆ ಬಿತ್ತು. ಕೈಯಲ್ಲಿದ್ದ ದಾರ ನಿಂತಿತು. "ಇದನ್ನ ಯಾರು ಕುಯ್ದಿದ್ದು?"

ಅಕ್ಕಪಕ್ಕದ ತೋಟದವರು ಔಷಧಿ ಹೊಡೆಯುವ ಮುಂಚೆ ಹೇಳುವುದು, ಕೇಳಿಸಿಕೊಂಡವರು ಆ ಸಾಲು ಬಿಡುವುದು, ಬಿಡಲಾಗದಿದ್ದರೆ ಒಂದು ಹಿಡಿ ಸೊಪ್ಪನ್ನು ನಾಲ್ಕು ಹುಳುವಿಗೆ ಹಾಕಿ ರಾತ್ರಿ ಕಳೆದು ನೋಡುವುದು. ಈ ಪಾಠವನ್ನು ಅವಳಿಗೆ ಕಲಿಸಿದ್ದೇ ಅತ್ತೆ. ಕಳೆದ ತಿಂಗಳು ಒಲೆಯ ಮೇಲೆ ಹಾಲಿಟ್ಟು ಮರೆತರು. ಮೊನ್ನೆ ಮೊಮ್ಮಗಳ ಹೆಸರಿಗೆ ಬದಲಾಗಿ ಸತ್ತುಹೋದ ತಂಗಿಯ ಹೆಸರು ಕರೆದರು. ಇದು ಅವುಗಳ ಸಾಲಿಗೆ ಸೇರುತ್ತದೆ ಎಂದು ಶೋಭಾರಾಣಿಗೆ ಕಂಡಿತು. ಕಂಡ ಕೂಡಲೇ ಎದೆಯಲ್ಲಿ ಒಂದು ಹಗುರ ಎದ್ದಿತು. ತಾನಲ್ಲ. ಆ ಹಗುರಕ್ಕೆ ನಾಚಿಕೆಯಾಯಿತು. ಇಲ್ಲಿಂದ ವಾಪಸ್ಸು ಹೋಗಿ ಬಾಗಿಲಲ್ಲಿ ಸೇರಿದವರ ಮುಂದೆ ಒಂದು ಮಾತು ಹೇಳಿದರೆ ಸಾಕು. ಅಕ್ಕಯಮ್ಮನ ಮುಖ ಹೇಗಾಗುತ್ತದೆ, ಮುನೇಶ್ ಮಲಗಿದವನು ಹೇಗೆ ಎದ್ದು ಬರುತ್ತಾನೆ. ಆಮೇಲೆ ದೊಡ್ಡಗಂಗಮ್ಮನನ್ನು ಯಾರೂ ಹುಳು ನೋಡಲು ಕರೆಯುವುದಿಲ್ಲ. ಸ್ವಂತ ಮಗನೇ "ನೀನಿನ್ನು ಸುಮ್ನೆ ಕೂತ್ಕೋ" ಅನ್ನುತ್ತಾನೆ. ಅವರು ಸುಮ್ಮನೆ ಕೂರುತ್ತಾರೆ, ತಾನು ಎದುರಿಗೆ ಓಡಾಡುತ್ತಿರಬೇಕು. ಕುಯ್ಯಬೇಕಾದವಳು ತಾನು. ಅವರು ಕುಯ್ಯುವ ಹೊತ್ತಿಗೆ ತಾನು ಕೋಲಾರದಲ್ಲಿ ಕನ್ನಡಿಯ ಮುಂದೆ ಕಣ್ಣು ಮುಚ್ಚಿ ಕೂತಿದ್ದಳು. ರೆಪ್ಪೆಯ ಮೇಲೆ ಬುಶ್ರಾಳ ಬೆರಳು ಆಡುವಾಗ ಎಷ್ಟು ಸುಖವಾಗಿತ್ತು.

"ನಾನೇ" ಎಂದಳು. "ಅತ್ತೆ ಹೇಳಿದ್ರು. ಮರೆತೆ."

ಕೋದಂಡರಾಮಪ್ಪ ಅವಳ ತೀಡಿದ ಹುಬ್ಬುಗಳನ್ನು ನೋಡಿದ. "ನಿಮಗೂ ಬೇರೆ ಯೋಚ್ನೆ ಇತ್ತಲ್ಲಾ ಪಾಪ" ಎಂದು ದಾರದ ಕಡೆ ತಿರುಗಿದ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಅದು ತಾನು ಕರುಣೆಯಿಂದ ಹೇಳಿದ ಸುಳ್ಳೋ, ಅತ್ತೆಯ ಮೇಲೆ ಒಂದು ಹಿಡಿತ ಇರಲಿ ಎಂದು ಹೇಳಿದ್ದೋ, ಅಥವಾ ಎಲ್ಲರೂ ಆಗಲೇ ನಂಬಿದ್ದನ್ನು ತಾನೂ ನಂಬಿಬಿಡುವುದು ಸುಲಭ ಅನಿಸಿತೋ, ಗುದ್ದಲಿ ಹೊತ್ತು ಬರುತ್ತಾ ಅವಳು ತನ್ನನ್ನೇ ಕೇಳಿಕೊಂಡಳು. ಮೂರೂ ಇದ್ದವು. ಯಾವುದು ಎಷ್ಟು ಎಂದು ಬೇರ್ಪಡಿಸಲು ಬರಲಿಲ್ಲ.

ಜನ ಕರಗಿದ್ದರು. ಹಿತ್ತಲಲ್ಲಿ ಇಬ್ಬರೂ ಸೇರಿ ಗುಂಡಿ ತೆಗೆದರು. ಹುಳುಗಳನ್ನು ಎಲೆ, ರೆಂಬೆ ಸಮೇತ ಗೋಣಿಯಲ್ಲಿ ತುಂಬಿ ತಂದು ಸುರಿದು, ಮೇಲೆ ಸುಣ್ಣ ಹಾಕಿದರು. ಇನ್ನೂ ಜೀವ ಇದ್ದವು ಸುಣ್ಣದಡಿಯಲ್ಲಿ ಅಲುಗಿದವು. ಅತ್ತೆ ಬಗ್ಗಿದವರು ಬಗ್ಗಿದಂತೆಯೇ ಕೇಳಿದರು.

"ತೋಟದ ಕಡೆ ಹೋಗಿದ್ಯಾ?"

"ಹೂಂ."

"ಕೋದಂಡರಾಮಪ್ಪ ಇದ್ನಾ?"

"ಇದ್ರು."

"ಏನಂದ?"

"ಏನೂ ಅನ್ಲಿಲ್ಲ."

ಅತ್ತೆ ಸೊಂಟ ನೆಟ್ಟಗೆ ಮಾಡಿ ಅವಳನ್ನು ನೋಡಿದರು. ಬೆಳಗ್ಗೆಯಿಂದ ಮೊದಲ ಸಲ. ಮುಖದಲ್ಲಿ ಪ್ರಶ್ನೆ ಇರಲಿಲ್ಲ, ಹೆದರಿಕೆ ಇತ್ತು. ಯಾವಾಗಲೋ ಅವರಿಗೂ ನೆನಪಾಗಿದೆ, ಬಹುಶಃ ಕೊನೆಯ ಅಂಕಣದವರೆಗೆ ಹೋಗಿ ವಾಪಸ್ಸು ಬರುವಷ್ಟರಲ್ಲೇ ನೆನಪಾಗಿತ್ತು. ಶೋಭಾರಾಣಿ ಕಣ್ಣು ಕೆಳಗೆ ಮಾಡಿದಳು, ಮಣ್ಣು ಎಳೆಯತೊಡಗಿದಳು. ಅತ್ತೆ ಏನಾದರೂ ಹೇಳಲಿ ಎಂದು ಕಾದಳು. ಏನು ಹೇಳಿದರೂ ಆಗುತ್ತಿತ್ತು, ಒಂದು ಬೈಗುಳವಾದರೂ. ಗುಂಡಿ ಮುಚ್ಚಿ ಮೇಲೆ ತುಳಿದು ಗಟ್ಟಿ ಮಾಡಿದ ಮೇಲೆ ಅತ್ತೆ ಕೈ ಕೊಡವಿಕೊಂಡು ಕೇಳಿದರು.

"ನಾಳೆ ಎಷ್ಟೊತ್ತಿಗೆ ಹೋಗ್ಬೇಕು ನೀನು?"

"ಎಂಟಕ್ಕೆ."

"ಸರ್ಲೇ" ಎಂದು ಒಳಗೆ ಹೋದರು.

ಹೋಗಬಾರದು ಎಂದು ಯಾರಾದರೂ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಇನ್ನೆಂದೂ ಸಿಗುವುದಿಲ್ಲ. ಹೇಳಿದ್ದರೆ ಅವಳು ನಿಲ್ಲುತ್ತಿದ್ದಳೇನೋ. ಭಾನುವಾರ ಬೆಳಗ್ಗೆ ಎದ್ದಾಗ ಸೊಪ್ಪು ಕುಯ್ಯಬೇಕಾಗಿರಲಿಲ್ಲ, ಹುಳದ ಹಾಸಿಗೆ ಬದಲಿಸಬೇಕಾಗಿರಲಿಲ್ಲ, ಸ್ನಾನಕ್ಕೆ ಸೀಗೆಪುಡಿಯೇ ಆಗಬೇಕೆಂದಿರಲಿಲ್ಲ. ಇಡೀ ದಿನ ಅವಳ ಮುಂದೆ ಗುಡಿಸಿಟ್ಟ ಅಂಗಳದ ಹಾಗೆ ಬಿದ್ದಿತ್ತು. ಮೈಗೆ ಸೋಪು ಹಚ್ಚಿಕೊಂಡಳು. ಮುನೇಶ್ ಓಟಿಯಿಂದ ಇನ್ನೂ ಬಂದಿರಲಿಲ್ಲ. ಅಕ್ಕಯಮ್ಮನ ಮನೆಯ ಮುಂದೆ ಹಾದುಹೋಗುವಾಗ ಒಳಗಿನಿಂದ "ಹೋಗ್ತಾ ಇದ್ದಾಳೆ ನೋಡೇ" ಎಂಬ ದನಿ ಕೇಳಿಸಿತು. ಅವಳು ಗದ್ದ ಎತ್ತಲಿಲ್ಲ, ಇಳಿಸಲೂ ಇಲ್ಲ.

ಮಂಟಪದಲ್ಲಿ ವಧುವಿನ ಕೋಣೆಯನ್ನೇ ಸ್ಪರ್ಧಿಗಳಿಗೆ ಬಿಟ್ಟುಕೊಟ್ಟಿದ್ದರು. ಕನ್ನಡಿಯ ಮುಂದೆ ಮುಳಬಾಗಿಲಿನ ಒಬ್ಬ ಟೀಚರ್, ಅವಳ ಗಂಡ ಬ್ಯಾಗು ಹಿಡಿದು ಹೊರಗೆ ನಿಂತಿದ್ದ. ಮಾಲೂರಿನವಳ ಜೊತೆ ಇಡೀ ಮನೆಯೇ ಬಂದಿತ್ತು, ಊಟದ ಡಬ್ಬಿ ಸಮೇತ. ಬುಶ್ರಾ ಬುರ್ಖಾದ ತೋಳು ಮೇಲೆ ಮಡಿಸಿಕೊಂಡು ಶೋಭಾರಾಣಿಯ ಸೀರೆಗೆ ಪಿನ್ನು ಚುಚ್ಚುತ್ತಾ, ಮುಖಕ್ಕೆ ಬಣ್ಣ ಹಾಕುತ್ತಾ, ಒಂದು ಸಲ ಕೈ ನಿಲ್ಲಿಸಿ ಕೇಳಿದಳು.

"ಏನಾಯ್ತು? ರಾತ್ರಿ ನಿದ್ದೆ ಇಲ್ವಾ?"

"ಹುಳ ಎಲ್ಲಾ ಹೋಯ್ತು ಬುಶ್ರಾ."

"ಎಲ್ಲಿಗೆ?" ಎಂದಳು ಬುಶ್ರಾ. ಆಮೇಲೆ ಅರ್ಥವಾಗಿ, "ಅಲ್ಲಾ" ಎಂದು ನಿಟ್ಟುಸಿರು ಬಿಟ್ಟು, ಕಣ್ಣಿನ ಕೆಳಗೆ ಇನ್ನೊಂದು ಪದರ ಹಚ್ಚಿದಳು.

ಅವಳ ಸರದಿ ಬಂತು. ವೇದಿಕೆ ಮದುವೆಯದೇ. ಹಿಂದೆ ಯಾರದೋ ಆರತಕ್ಷತೆಗೆ ಕಟ್ಟಿದ ಪ್ಲಾಸ್ಟಿಕ್ ಹೂಗಳನ್ನು ತೆಗೆದಿರಲಿಲ್ಲ. ದೀಪದ ಬೆಳಕಿಗೆ ಎದುರಿನವರ ಮುಖ ಕಾಣದೆ, ಬರೀ ತಲೆಗಳು ಕಂಡವು. ಅವಳು ನಡೆದಳು. ಚೆನ್ನಾಗಿಯೇ ನಡೆದಳು, ಅದು ಅವಳಿಗೇ ತಿಳಿಯಿತು. ಕಾಲು ತಪ್ಪಲಿಲ್ಲ, ತುದಿಯಲ್ಲಿ ನಿಂತು ತಿರುಗಿದಾಗ ಯಾರೋ ಶಿಳ್ಳೆ ಹಾಕಿದರು. ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರ್ತಿ ಮೈಕು ಹಿಡಿದು ನಕ್ಕರು. ಇನ್ನೊಂದು ಮೈಕನ್ನು ಯಾರೋ ಇವಳ ಕೈಗೆ ಕೊಟ್ಟರು.

"ಶೋಭಾರಾಣಿಯವರೇ, ಹಳ್ಳಿಯಿಂದ ಬಂದಿದ್ದೀರಿ. ಸ್ಪರ್ಧೆಗೆ ಹೋಗ್ತೀನಿ ಅಂದಾಗ ಮನೇಲಿ ಏನಂದ್ರು?"

ಮೈಕಿನಲ್ಲಿ ಅವಳ ಉಸಿರು ದೊಡ್ಡದಾಗಿ ಕೇಳಿಸಿತು. ಇಲ್ಲಿ ನಿಜ ಹೇಳಬಹುದು. ಇಷ್ಟು ಜನರಿಗೆ ಒಮ್ಮೆಗೇ. ಇವರಲ್ಲಿ ಯಾರಿಗೂ ಸುಗಟೂರಿನ ದೊಡ್ಡಗಂಗಮ್ಮ ಯಾರೆಂದು ಗೊತ್ತಿಲ್ಲ.

"ಯಾರೂ ಬೇಡ ಅನ್ಲಿಲ್ಲ ಮೇಡಂ" ಎಂದಳು.

ಚಪ್ಪಾಳೆ ಬಿತ್ತು. ಅವಳು ನಿರೀಕ್ಷಿಸಿರಲಿಲ್ಲ.

"ಅತ್ತೆಯವರು?"

"ಅವರೂ ಅನ್ಲಿಲ್ಲ."

"ಎಂಥಾ ಅತ್ತೆ ನೋಡಿ" ಎಂದು ತೀರ್ಪುಗಾರ್ತಿ ಸಭೆಯ ಕಡೆ ತಿರುಗಿದರು. "ಇಂಥವರು ಮನೆಗೊಬ್ಬರು ಇದ್ರೆ ಸಾಕು. ಬಂದಿದ್ದೀರಾ ಅಮ್ಮಾ? ಎಲ್ಲಿದ್ದೀರಿ? ಒಂದು ಸಲ ಎದ್ದು ನಿಲ್ಲಿ, ಎಲ್ಲರೂ ನೋಡ್ಲಿ."

ತಲೆಗಳು ಹಿಂದಕ್ಕೂ ಪಕ್ಕಕ್ಕೂ ತಿರುಗಿದವು. ಶೋಭಾರಾಣಿಯೂ ಹುಡುಕಿದಳು, ಇಲ್ಲವೆಂದು ಗೊತ್ತಿದ್ದೂ. ಯಾರೋ ದೀಪವನ್ನು ಸಭೆಯ ಮೇಲೆ ಹಾಯಿಸಿದರು. ಅದು ನಾಲ್ಕನೇ ಸಾಲಿನ ತುದಿಯಲ್ಲಿ, ಮಾಲೂರಿನವರ ಜೊತೆ ಬಂದಿದ್ದ ಒಬ್ಬ ಮುದುಕಿಯ ಮೇಲೆ ನಿಂತಿತು. ಬೆಳಕು ಕಣ್ಣಿಗೆ ಹೊಡೆದು, ಅತ್ತೆ ಎಂಬ ಮಾತು ಕಿವಿಗೆ ಬಿದ್ದು, ಸುತ್ತ ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು, ಮುದುಕಿ ಮುಂದಿನ ಕುರ್ಚಿಯ ಬೆನ್ನು ಹಿಡಿದು ಕಷ್ಟಪಟ್ಟು ಎದ್ದಳು. ಮಂಟಪವೆಲ್ಲ ಚಪ್ಪಾಳೆ ತಟ್ಟಿತು. ಏನಾಗುತ್ತಿದೆ ಎಂದು ತಿಳಿಯದೆ ಅವಳು ವೇದಿಕೆಯ ಕಡೆ ಕೈ ಮುಗಿದಳು.

ಶೋಭಾರಾಣಿ ಮೈಕನ್ನು ಕಂಕುಳಲ್ಲಿ ಇರುಕಿಕೊಂಡು ತಾನೂ ಕೈ ಮುಗಿದಳು. ಆಮೇಲೆ ಗದ್ದ ಎತ್ತಿ, ಸೊಂಟ ತಿರುಗಿಸಿ, ಬಂದ ಗೆರೆಯಲ್ಲೇ ವಾಪಸ್ಸು ನಡೆದಳು. ಪರದೆಯ ಹತ್ತಿರ ಬಂದು ತಿರುಗಿ ನೋಡಿದಾಗ ದೀಪ ವೇದಿಕೆಗೆ ಬಂದಿತ್ತು, ಮುಂದಿನವರ ಹೆಸರು ಕೂಗುತ್ತಿದ್ದರು. ಮುದುಕಿ ಕತ್ತಲಲ್ಲಿ ಇನ್ನೂ ನಿಂತೇ ಇದ್ದಳು. ಕೂರಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.